ನಾಳಿನ ಮನೆಗೆ ಇಂದಿನ ನೆಲ

ಬೆಳೆಯುವ ಊರಿಗೆ ಮನೆ ಬೇಕು. ಮನೆಗೆ ಮೊದಲು ನೆಲ ಬೇಕು. ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲುಗಳು ಆ ನೆಲದ ಲೆಕ್ಕವನ್ನು ಹೇಗೆ ಹಾಕುತ್ತವೆಂಬುದನ್ನು ಈ ಹೊತ್ತು ನಾವು ವಿಚಾರಿಸೋಣ.

1947ರ ನಗರ-ಗ್ರಾಮ ಯೋಜನಾ ಶಾಸನವು ಮರುವರ್ಷ ಜಾರಿಗೆ ಬಂದಂದಿನಿಂದ ಅಲ್ಲಿ ಹೊಲದ ಒಡೆಯನೂ ಅನುಮತಿಯಿಲ್ಲದೆ ಅದರಲ್ಲಿ ಮನೆ ಕಟ್ಟಲಾರನು. ಆದುದರಿಂದ ತಕ್ಕ ನೆಲವನ್ನು ಮುಂದಾಗಿ ಗುರುತಿಸುವ ಹೊಣೆ ಕೌನ್ಸಿಲಿನದು. ಅದು ಮೊದಲು ಭೂಮಾಲಿಕರಿಗೂ ಕಟ್ಟಡಗಾರರಿಗೂ ಕರೆಯಿತ್ತು ಅವರವರ ನೆಲದ ವಿವರವನ್ನು ತರಿಸಿಕೊಳ್ಳುತ್ತದೆ. ಪಾಳುಬಿದ್ದ ಕಾರ್ಖಾನೆಯ ಆವರಣವನ್ನೂ ತನ್ನದೇ ಬರಿಯ ನಿವೇಶನವನ್ನೂ ಬಿಡುವುದಿಲ್ಲ. ಐದು ಮನೆಗಳಾದರೂ ಹಿಡಿಸುವ ಜಾಗವು ಸಾಮಾನ್ಯವಾಗಿ ಪಟ್ಟಿಗೆ ಬರುತ್ತದೆ.

ಬಳಿಕ ಒಂದೊಂದಕ್ಕೂ ಮೂರು ಪ್ರಶ್ನೆಗಳು. ನೆಲವು ವಾಸಕ್ಕೆ ಯೋಗ್ಯವೆ? ನೆರೆಯ ಭಯ, ದಾರಿಯ ಕೊರತೆ ಇಲ್ಲಿ ಬಯಲಾಗುತ್ತವೆ. ಒಡೆಯನು ಬಿಟ್ಟುಕೊಡುವನೆ? ಕಟ್ಟಿದರೆ ವೆಚ್ಚ ಗಿಟ್ಟುವುದೆ? ಉತ್ತರಗಳನ್ನನುಸರಿಸಿ ನೆಲವನ್ನು ಮೊದಲ 5 ವರ್ಷ, 6ರಿಂದ 10, 11ರಿಂದ 15 ಎಂದು ವಿಂಗಡಿಸುತ್ತಾರೆ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಅನುಮತಿ ದೊರೆತಂತಲ್ಲ. ಜಾತಕ ಕೂಡಿದೊಡನೆ ಮದುವೆ ಮುಗಿಯಿತೆ? ಆದರೂ ಈ ಲೆಕ್ಕ ಹುಡುಗಾಟವಲ್ಲ. ಐದು ವರ್ಷಕ್ಕೆ ಸಾಲುವ ನೆಲವನ್ನು ತೋರಿಸಲಾರದ ಕೌನ್ಸಿಲಿನ ಯೋಜನೆಗೆ ಮೇಲ್ಮನವಿಯಲ್ಲಿ ತೂಕ ತಗ್ಗುತ್ತದೆ. ತಾನು ಬೇಡವೆಂದ ಹೊಲದಲ್ಲಿಯೇ ಮನೆಗಳೇಳಬಹುದು. ಆ ಭಯದಿಂದ ಕಟ್ಟಲಾಗದ ನೆಲವನ್ನೂ ಎಣಿಕೆಗೆ ಸೇರಿಸಿದರೊ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ. ಕಾಗದ ತುಂಬುತ್ತದೆ, ಬಾಡಿಗೆಯ ಕೋಣೆಯಲ್ಲಿ ಕಾದಿರುವ ಸಂಸಾರ ಕಾಯುತ್ತಲೇ ಇರುತ್ತದೆ. ನೆಲದ ಲೆಕ್ಕಕ್ಕೆ ಅಳತೆಯ ಸರಪಣಿಗಿಂತ ಮೊದಲು ಬೇಕಾದುದು ಸತ್ಯವೆಂದು ನಾವು ತಿಳಿಯುತ್ತೇವೆ.