ತೇಲುವ ಸೌರಫಲಕ ಮತ್ತು ಜಲಾಶಯದ ಅಲೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸೌರವಿದ್ಯುತ್ತಿಗೆ ಬಿಸಿಲಿನಷ್ಟೇ ಜಾಗವೂ ಬೇಕು. ಒಂದು ಮೆಗಾವಾಟ್ ಸಾಮರ್ಥ್ಯದ ಘಟಕಕ್ಕೆ ನೆಲದ ಮೇಲೆ ನಾಲ್ಕೈದು ಎಕರೆ ಹಿಡಿಯುತ್ತದೆ. ಕಾಡು, ಗೋಮಾಳ, ಹೊಲಗಳನ್ನು ಬಲಿಕೊಡದೆ ಈ ಜಾಗವನ್ನು ಎಲ್ಲಿಂದ ತರುವುದು ಎಂಬ ಹುಡುಕಾಟದಲ್ಲಿ ಎಂಜಿನಿಯರರ ದೃಷ್ಟಿ ಜಲಾಶಯಗಳ ಮೇಲೆ ಬಿದ್ದಿದೆ. 2007ರಲ್ಲಿ ಜಪಾನಿನ ಐಚಿ ಪ್ರಾಂತ್ಯದಲ್ಲಿ ಕೇವಲ 20 ಕಿಲೋವಾಟ್‌ನ ಪ್ರಯೋಗವಾಗಿ ಆರಂಭವಾದ ಈ ವಿಧಾನ, 2017ರ ಡಿಸೆಂಬರಿನಲ್ಲಿ ನೆರೆಯ ವಯನಾಡಿನ ಬಾಣಾಸುರ ಸಾಗರಕ್ಕೆ 500 ಕಿಲೋವಾಟ್‌ನ ಘಟಕವಾಗಿ ಬಂದಿತು. 2022ರಲ್ಲಿ ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವಾಟ್‌ನ ಘಟಕ ಪೂರ್ಣಗೊಂಡಿತು.

ನೆಲವನ್ನು ಉಳಿಸುವ ಈ ಮಾರ್ಗ ಸ್ವಾಗತಾರ್ಹವೇ. ಆದರೆ ಇದರ ಹಿಂದೆ ಜಲಾಶಯದ ನೀರು ನಿಶ್ಚಲವಾದುದು ಎಂಬ ಒಂದು ನಂಬಿಕೆ ಅಡಗಿದೆ. ಶರಾವತಿ ಹಿನ್ನೀರಿನ ದಂಡೆಯಲ್ಲಿ ಬದುಕಿದವರಿಗೆ ಈ ನಂಬಿಕೆ ಎಷ್ಟು ಪೊಳ್ಳೆಂಬುದು ತಿಳಿದಿದೆ. ಮುಂಗಾರಿನ ಗಾಳಿಗೆ ಹಿನ್ನೀರು ಹೇಗೆ ಏಳುತ್ತದೆ ಎಂಬುದನ್ನು ಲಾಂಚಿನಲ್ಲಿ ದಾಟಿದ ಪ್ರತಿಯೊಬ್ಬರೂ ಕಂಡಿದ್ದಾರೆ.

ಅಲೆಯ ಎತ್ತರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸುವ ಅವಧಿ, ಮತ್ತು ಅಡೆತಡೆಯಿಲ್ಲದೆ ನೀರಿನ ಮೇಲೆ ಅದು ಕ್ರಮಿಸುವ ದೂರ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ, ಐದು ಕಿಲೋಮೀಟರ್ ಉದ್ದದ ತೆರೆದ ನೀರಿನ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಒಂದೇ ದಿಕ್ಕಿನಲ್ಲಿ ಬೀಸಿತೆನ್ನಿ. ಲೆಕ್ಕದ ಪ್ರಕಾರ ಆಚೆ ದಡದ ಬಳಿ ಮುಕ್ಕಾಲು ಮೀಟರಿನಷ್ಟು ಎತ್ತರದ ಅಲೆಗಳು ಏಳುತ್ತವೆ. ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಸುಮಾರು 13 ಮೀಟರ್ ಅಂತರವಿದ್ದು, ಹೆಚ್ಚುಕಡಿಮೆ ಮೂರು ಸೆಕೆಂಡಿಗೊಂದರಂತೆ ಅವು ಬಂದು ಬಡಿಯುತ್ತವೆ. ಸಮುದ್ರದ ಅಲೆಯ ಮುಂದೆ ಇದು ಅಲ್ಪವೆನಿಸಬಹುದು. ಆದರೆ ಗಂಟೆಗೆ 1,200 ಸಲ ಬಾಗಿ ನೆಟ್ಟಗಾಗಬೇಕಾದ ಕೀಲಿಗೆ ಇದು ಅಲ್ಪವಲ್ಲ.

ತೇಲುವ ವೇದಿಕೆ ಅಲೆಯನ್ನು ಎದುರಿಸುವ ಬಗೆ ಎರಡು. ಬಿದಿರಿನ ತೆಪ್ಪದಂತೆ ಬಿಗಿಯಾಗಿ ಕಟ್ಟಿದ ವೇದಿಕೆ ಅಲೆಗೆ ಬಗ್ಗುವುದಿಲ್ಲ. ಅದರ ಒಂದು ಭಾಗ ಅಲೆಯ ನೆತ್ತಿಯ ಮೇಲೂ ಇನ್ನೊಂದು ಭಾಗ ತಗ್ಗಿನ ಮೇಲೂ ಇರುವುದರಿಂದ ಬಾಗಿಸುವ ಒತ್ತಡವನ್ನು ಅದರ ಚೌಕಟ್ಟೇ ತಾಳಿಕೊಳ್ಳಬೇಕು. ಎರಡನೆಯದು ತಾವರೆ ಎಲೆಯ ಬಗೆ: ನೀರು ಏರಿದಂತೆ ಏರಿ, ಇಳಿದಂತೆ ಇಳಿಯುವುದು. ಜಲಾಶಯಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ತೇಲುಬುಟ್ಟಿಗಳ ಸರಣಿ ಈ ಎರಡನೆಯ ಜಾತಿಗೆ ಸೇರಿದೆ. ಇಲ್ಲಿ ಬುಟ್ಟಿಗೂ ಫಲಕಕ್ಕೂ ಹೆಚ್ಚಿನ ಆಯಾಸವಿಲ್ಲ. ಅವುಗಳನ್ನು ಜೋಡಿಸುವ ಕೀಲುಗಳು ಮಾತ್ರ ಹಗಲಿರುಳು ದುಡಿಯುತ್ತವೆ. ಒಂದೇ ಸಲಕ್ಕೆ ಮುರಿಯದ ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ತುಂಡಾಗುವಂತೆ, ಕೀಲುಗಳೂ ದಣಿದು ತುಂಡಾಗುತ್ತವೆ.

ಅಲೆಯ ಹೊಡೆತ ಎಲ್ಲ ಸಾಲುಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಗಾಳಿಗೆ ಮುಖಮಾಡಿದ ಮೊದಲ ಸಾಲುಗಳು ಅಲೆಯ ಶಕ್ತಿಯನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ; ನಡುವಿನ ಸಾಲುಗಳು ಅವುಗಳ ಮರೆಯಲ್ಲಿ ನೆಮ್ಮದಿಯಿಂದಿರುತ್ತವೆ. ಆದ್ದರಿಂದ ವೇದಿಕೆಯ ಅಳಿವು ಉಳಿವು ಅಂಚಿನಲ್ಲಿ ತೀರ್ಮಾನವಾಗುತ್ತದೆ. ಗಾಳಿಯೂ ಅಲ್ಲಿಯೇ ಫಲಕದಡಿ ನುಗ್ಗಿ ಅದನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಜಪಾನಿನ ಚಿಬಾ ಪ್ರಾಂತ್ಯದ ಯಮಾಕುರಾ ಜಲಾಶಯದಲ್ಲಿ ಇದರ ಕಠೋರ ನಿದರ್ಶನ ದೊರೆಯಿತು. 2018ರಲ್ಲಿ ಅಲ್ಲಿ ಸುಮಾರು 50,000 ಫಲಕಗಳ, 13.7 ಮೆಗಾವಾಟ್‌ನ ಘಟಕ ಕಾರ್ಯಾರಂಭ ಮಾಡಿತ್ತು. 2019ರ ಸೆಪ್ಟೆಂಬರಿನಲ್ಲಿ ಫಾಕ್ಸಾಯ್ ಚಂಡಮಾರುತ ಅಪ್ಪಳಿಸಿತು. ಲಂಗರುಗಳು ಕಿತ್ತುಬಂದವು, ವೇದಿಕೆ ಹರಿದು, ಚಾಪೆ ಮಡಚಿದಂತೆ ಫಲಕಗಳು ಒಂದರ ಮೇಲೊಂದು ರಾಶಿಯಾದವು. ಬಿಸಿಲು ಬೀಳುವವರೆಗೂ ಫಲಕ ವಿದ್ಯುತ್ತನ್ನು ಉತ್ಪಾದಿಸುತ್ತಲೇ ಇರುತ್ತದೆ. ಹಾನಿಗೊಂಡ ಆ ರಾಶಿಗೆ ನೀರಿನ ನಡುವೆಯೇ ಬೆಂಕಿ ಹತ್ತಿತು. ಹಲವು ಲಂಗರುಗಳ ಮೇಲೆ ಭಾರ ಅಸಮನಾಗಿ ಬಿದ್ದರೆ ಮೊದಲನೆಯದು ಸೋಲುತ್ತದೆ, ಅದರ ಪಾಲಿನ ಹೊರೆ ಪಕ್ಕದ್ದಕ್ಕೆ ಬೀಳುತ್ತದೆ, ಹೀಗೆ ಸೋಲು ಸಾಲಾಗಿ ಹಬ್ಬುತ್ತದೆ.

ಭಾರತದಲ್ಲಿಯೂ 2024ರ ಏಪ್ರಿಲ್‌ನಲ್ಲಿ ನರ್ಮದಾ ನದಿಯ ಓಂಕಾರೇಶ್ವರ ಜಲಾಶಯದ ತೇಲುವ ಘಟಕಕ್ಕೆ ಬೇಸಿಗೆಯ ಬಿರುಗಾಳಿಯಿಂದ ಹಾನಿಯಾಯಿತು. ಅದೇ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರು 2012ರಲ್ಲಿ ನೀರಿನಲ್ಲಿ ನಿಂತು ಜಲಸತ್ಯಾಗ್ರಹ ನಡೆಸಿದ್ದರೆಂಬುದನ್ನು ಮರೆಯಲಾಗದು. ಯಾರ ನೆಲದ ಮೇಲೆ ಆ ನೀರು ನಿಂತಿದೆಯೋ ಅವರಿಗೆ, ಅದರ ಮೇಲೆ ಏನು ತೇಲಬೇಕು ಎಂಬುದರಲ್ಲಿಯೂ ಮಾತಿರಬೇಕು.

ಮಲೆನಾಡಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಜಲವಿದ್ಯುತ್ ಜಲಾಶಯಗಳ ನೀರು ವರ್ಷಕ್ಕೊಮ್ಮೆ ತುಂಬಿ, ಬೇಸಿಗೆಯಲ್ಲಿ ಬಹಳ ಕೆಳಗಿಳಿಯುತ್ತದೆ. ನೀರು ತುಂಬಿದಾಗ ಹಗ್ಗ ಸಾಕಷ್ಟು ಉದ್ದವಿಲ್ಲದಿದ್ದರೆ ಅದು ವೇದಿಕೆಯನ್ನು ಕೆಳಕ್ಕೆಳೆಯುತ್ತದೆ. ಉದ್ದ ಬಿಟ್ಟರೆ, ನೀರಿಳಿದಾಗ ಸಡಿಲಗೊಂಡ ಹಗ್ಗ ಅಲೆಗೆ ಸಿಕ್ಕಿ ಥಟ್ಟನೆ ಬಿಗಿಯುತ್ತದೆ. ಕರುವನ್ನು ಕಟ್ಟಿದವರಿಗೆ ಈ ಜಗ್ಗುವಿಕೆಯ ಪರಿಚಯವಿದೆ: ಸಮನಾಗಿ ಎಳೆದರೆ ತಾಳುವ ಗೂಟ, ಓಡಿಬಂದು ಜಗ್ಗಿದರೆ ಕಿತ್ತುಬರುತ್ತದೆ. ಪೋರ್ಚುಗಲ್ಲಿನ ಆಲ್ತೊ ರಬಗಾಂವ್ ಜಲಾಶಯದಲ್ಲಿ 60 ಮೀಟರ್ ಆಳ ಮತ್ತು 30 ಮೀಟರಿನಷ್ಟು ಏರಿಳಿತಕ್ಕೆ ಹೊಂದುವ ಲಂಗರು ವ್ಯವಸ್ಥೆಯನ್ನು 2016ರಲ್ಲಿ ಅಳವಡಿಸಲಾಯಿತು. ಆದುದರಿಂದ ಇದು ಅಸಾಧ್ಯವಲ್ಲ. ಆದರೆ ಆಯಾ ಸ್ಥಳವನ್ನು ಅಳೆದೇ ಮಾಡಬೇಕಾದ ಕೆಲಸ. ಹಿನ್ನೀರಿನಲ್ಲಿ ಇಂದಿಗೂ ನಿಂತಿರುವ ಒಣಮರಗಳ ಬೊಡ್ಡೆಗಳನ್ನೂ ಆ ಅಳತೆಯಲ್ಲಿ ಸೇರಿಸಬೇಕು.

ಇಂತಹ ಯೋಜನೆ ಯಾವುದೇ ಹಿನ್ನೀರಿಗೆ ಬಂದಾಗ ಗ್ರಾಮಸಭೆಯಲ್ಲಿ ಕೆಲವು ಪ್ರಶ್ನೆಗಳು ಏಳಲೇಬೇಕು. ಗಾಳಿಯನ್ನು ಜಲಾಶಯದ ಮೇಲೆಯೇ, ಮುಂಗಾರಿನ ತಿಂಗಳುಗಳಲ್ಲಿ ಅಳೆಯಲಾಗಿದೆಯೇ? ಎಷ್ಟು ಎತ್ತರದ ಅಲೆಗೆ ಅಂಚಿನ ಸಾಲುಗಳನ್ನು ರೂಪಿಸಲಾಗಿದೆ? ಒಂದು ಲಂಗರು ಕಿತ್ತರೆ ಉಳಿದವು ಹೊರೆ ತಾಳುತ್ತವೆಯೇ? ಕನಿಷ್ಠ ಮಟ್ಟಕ್ಕೆ ನೀರಿಳಿದಾಗ ವೇದಿಕೆ ಎಲ್ಲಿ ಕೂರುತ್ತದೆ? ಕೀಲುಗಳನ್ನು ವರ್ಷಕ್ಕೆ ಎಷ್ಟು ಸಲ ಪರೀಕ್ಷಿಸಲಾಗುತ್ತದೆ? ಹರಿದ ಪ್ಲಾಸ್ಟಿಕ್ಕನ್ನೂ ಒಡೆದ ಫಲಕಗಳನ್ನೂ ನೀರಿನಿಂದ ತೆಗೆಯುವ ಹೊಣೆ ಯಾರದು? ಮೀನುಗಾರರ ಬಲೆಗೂ ದೋಣಿಯ ದಾರಿಗೂ ಎಷ್ಟು ನೀರು ಉಳಿಯುತ್ತದೆ?

ಈ ಪ್ರಶ್ನೆಗಳು ಸೌರಶಕ್ತಿಯ ವಿರೋಧಕ್ಕಲ್ಲ, ಅದರ ಬಾಳಿಕೆಗಾಗಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಯಾವ ಮೂಲೆಯಲ್ಲಿ ನೀರು ಶಾಂತವಾಗಿರುತ್ತದೆ ಎಂಬುದು ದಂಡೆಯ ಜನರಿಗೆ ತಲೆಮಾರಿನ ಅನುಭವದಿಂದ ಗೊತ್ತಿದೆ. ಆ ತಿಳಿವಳಿಕೆ ನಕ್ಷೆ ಬರೆಯುವ ಮೊದಲೇ ಎಂಜಿನಿಯರರ ಮೇಜನ್ನು ತಲುಪಬೇಕು.