ನಗದಿನ ಕಾರ್ಡು, ಉದ್ರಿಯ ಕಾರ್ಡು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಮೇವಿನ ಬೆಳೆ, ಕೆಚ್ಚಲು ಬಾವು, ಕರುಗಳ ಪಾಲನೆ ಕುರಿತು ಒಳ್ಳೆಯ ಮಾತುಗಳನ್ನು ಕೇಳಿದ್ದೀರಿ. ಹೆಚ್ಚು ಹಾಲು ಕರೆಯುವುದು ಹೇಗೆ ಎಂಬುದು ಆಯಿತು. ಕರೆದ ಹಾಲಿನ ಹಣ ಮನೆಯಲ್ಲಿ ಉಳಿಯುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳುವಂತೆ ನನಗೆ ಸೂಚಿಸಿದ್ದಾರೆ.

ಹಿಂದೆ ಬಟವಾಡೆಯ ದಿನ ಸಂಘದ ಬಾಗಿಲಲ್ಲಿ ಸಾಲುಗಟ್ಟಿ ನಿಂತು, ಹೆಬ್ಬೆಟ್ಟು ಒತ್ತಿ ಇಲ್ಲವೆ ಸಹಿ ಹಾಕಿ, ನೋಟು ಎಣಿಸಿಕೊಂಡು ಹೋಗುತ್ತಿದ್ದಿರಿ. ಈಗ ಹಾಲಿನ ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ನೇರವಾಗಿ ಖಾತೆಗೇ ಬರುತ್ತದೆ. ಖಾತೆಯ ಜೊತೆಗೆ ಒಂದು ಕಾರ್ಡು ಬಂತು. ಖಾತೆಯಲ್ಲಿ ಹಣ ಓಡಾಡುವುದನ್ನು ನೋಡಿ ಎರಡನೆಯ ಕಾರ್ಡನ್ನೂ ಕೊಡಲು ಬರುತ್ತಾರೆ. ಮೊದಲನೆಯದು ಡೆಬಿಟ್ ಕಾರ್ಡು, ಎರಡನೆಯದು ಕ್ರೆಡಿಟ್ ಕಾರ್ಡು. ನೋಡಲು ಎರಡೂ ಒಂದೇ ಅಳತೆ, ಅಂಗಡಿಯ ಯಂತ್ರದಲ್ಲಿ ಉಜ್ಜುವ ರೀತಿಯೂ ಒಂದೇ. ಆದರೆ ಎರಡರ ಗುಣ ಬೇರೆ. ಪಶು ಆಹಾರ, ದಿನಸಿ, ಬಟ್ಟೆ, ಔಷಧಿ ಕೊಳ್ಳುವಾಗ ಯಾವ ಕಾರ್ಡು ತೆಗೆಯಬೇಕು ಎಂಬುದೇ ಇಂದಿನ ವಿಷಯ.

ನಮ್ಮ ಮಾತಿನಲ್ಲೇ ಹೇಳುವುದಾದರೆ ಡೆಬಿಟ್ ಕಾರ್ಡು ಎಂದರೆ ನಗದು, ಕ್ರೆಡಿಟ್ ಕಾರ್ಡು ಎಂದರೆ ಉದ್ರಿ. ಡೆಬಿಟ್ ಕಾರ್ಡಿನಲ್ಲಿ ಖರ್ಚಾಗುವುದು ನಿಮ್ಮ ಖಾತೆಯಲ್ಲಿರುವ ನಿಮ್ಮದೇ ಹಣ. ಕಾರ್ಡು ಉಜ್ಜಿದ ಗಳಿಗೆಯಲ್ಲೇ ಖಾತೆಯಲ್ಲಿ ಕಡಿಮೆಯಾಗುತ್ತದೆ, ಹಣ ಇಲ್ಲದಿದ್ದರೆ ಯಂತ್ರ ಒಪ್ಪುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚಾಗುವುದು ಬ್ಯಾಂಕಿನ ಹಣ. ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ, ಗಡುವಿನೊಳಗೆ ತೀರಿಸಬೇಕು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಯುಪಿಐ ಹಣವೂ ಸಾಮಾನ್ಯವಾಗಿ ನಿಮ್ಮ ಉಳಿತಾಯ ಖಾತೆಯಿಂದಲೇ ಹೋಗುತ್ತದೆ, ಅಂದರೆ ಅದೂ ನಗದೇ. ಆದರೆ 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಲು ಅವಕಾಶವಾಗಿದೆ. ಆದ್ದರಿಂದ ಫೋನಿನಲ್ಲಿ ಹಣ ಕೊಡುವ ಮುನ್ನ ಅದು ಖಾತೆಯಿಂದ ಹೋಗುತ್ತಿದೆಯೋ, ಕ್ರೆಡಿಟ್ ಕಾರ್ಡಿನಿಂದಲೋ ಎಂದು ನೋಡಿಕೊಳ್ಳಿ.

ಉದ್ರಿ ನಮಗೆ ಹೊಸದಲ್ಲ. ಊರಿನ ಅಂಗಡಿಯಲ್ಲಿ ಪುಸ್ತಕದಲ್ಲಿ ಬರೆಸಿ ಸಾಮಾನು ತರುವುದು ಹಳೆಯ ರೂಢಿ. ಆದರೆ ಅಂಗಡಿಯವರಿಗೆ ನಿಮ್ಮ ಮನೆ ಗೊತ್ತು. "ಅಣ್ಣಾ, ಈ ಸಲ ಹಸು ಬತ್ತಿಸಿದ್ದೀನಿ, ಕರು ಹಾಕಿದ ಮೇಲೆ ಕೊಡ್ತೀನಿ" ಎಂದರೆ "ಆಗಲಿ ತಗೊಂಡು ಹೋಗವ್ವಾ" ಎಂದಾರು. ಬ್ಯಾಂಕಿನ ಗಣಕಯಂತ್ರಕ್ಕೆ ಹಸು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಡುವಿನ ತಾರೀಖು ಮಾತ್ರ.

ಸಂಬಳದಾರರಿಗೂ ನಮಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಸಂಬಳದಾರರಿಗೆ ತಿಂಗಳ ಕೊನೆಗೆ ಅಷ್ಟೇ ಹಣ ಬರುತ್ತದೆ. ಹಾಲು ಉತ್ಪಾದಕರ ವರಮಾನ ಹಾಗಲ್ಲ. ಎರಡು ಹಸು ಸೇರಿ ದಿನಕ್ಕೆ 16 ಲೀಟರ್ ಡೇರಿಗೆ ಹಾಕುವ ಮನೆ ಎಂದಿಟ್ಟುಕೊಳ್ಳಿ. ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳು ಮೊದಲೇ ಬತ್ತಿಸಬೇಕು. ಆ ಎರಡು ತಿಂಗಳು ಬಟವಾಡೆ ಅರ್ಧಕ್ಕೆ ಇಳಿಯುತ್ತದೆ. ಹಾಲು ನಿಂತರೂ ಹಸುವಿನ ಹೊಟ್ಟೆ ನಿಲ್ಲುವುದಿಲ್ಲ, ಗಬ್ಬದ ಹಸುವಿಗೆ ಮೇವು, ಹಿಂಡಿ ಕೊಡಲೇಬೇಕು. ಬೇಸಿಗೆಯಲ್ಲಿ ಹಸಿರು ಮೇವು ಕಡಿಮೆಯಾದರೂ, ಕಾಲುಬಾಯಿ ಜ್ವರ ಬಂದರೂ ಇದೇ ಕಥೆ. ಹಾಲು ಚೆನ್ನಾಗಿದ್ದ ತಿಂಗಳಲ್ಲಿ ಉಜ್ಜಿದ ಕ್ರೆಡಿಟ್ ಕಾರ್ಡಿನ ಬಿಲ್ಲು ಹಾಲು ಇಳಿದ ತಿಂಗಳಲ್ಲಿ ಬಂದು ಕೂರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನಮ್ಮ ಹಾಸಿಗೆ ತಿಂಗಳಿಂದ ತಿಂಗಳಿಗೆ ಉದ್ದವೂ ಆಗುತ್ತದೆ, ಗಿಡ್ಡವೂ ಆಗುತ್ತದೆ.

ಹಾಗಾದರೆ ಕ್ರೆಡಿಟ್ ಕಾರ್ಡಿನಲ್ಲಿ ಲಾಭವೇ ಇಲ್ಲವೇ? ಇದೆ, ಅದನ್ನೂ ಹೇಳಬೇಕು. ಬಿಲ್ಲು ಪ್ರತಿ ತಿಂಗಳು 5ರಂದು ತಯಾರಾಗಿ, 25 ಗಡುವು ಎಂದಿಟ್ಟುಕೊಳ್ಳಿ. 6ನೇ ತಾರೀಖು ಕೊಂಡ ಸಾಮಾನಿನ ಹಣವನ್ನು ಮುಂದಿನ ತಿಂಗಳ 25ಕ್ಕೆ ಕಟ್ಟಿದರೆ ಸಾಕು, ಸುಮಾರು 49 ದಿನ ಬಡ್ಡಿ ಇಲ್ಲ. ಅದೇ ಸಾಮಾನನ್ನು 4ನೇ ತಾರೀಖು ಕೊಂಡರೆ ಸಿಗುವುದು 21 ದಿನ ಮಾತ್ರ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟುವವರಿಗೆ ಇದು ಬಡ್ಡಿಯಿಲ್ಲದ ಕೈಸಾಲ. ಸರಿಯಾಗಿ ಕಟ್ಟಿದ ದಾಖಲೆ ಇದ್ದರೆ ಮುಂದೆ ಕೊಟ್ಟಿಗೆ ಕಟ್ಟಲು, ಹಾಲು ಕರೆಯುವ ಯಂತ್ರ ಕೊಳ್ಳಲು ಬ್ಯಾಂಕ್ ಸಾಲ ಕೇಳುವಾಗ ಸಹಾಯವಾಗುತ್ತದೆ. ತಪ್ಪಿದರೆ ಅದೇ ದಾಖಲೆ ಅಡ್ಡ ನಿಲ್ಲುತ್ತದೆ.

ತೊಂದರೆ ಇರುವುದು "ಕನಿಷ್ಠ ಪಾವತಿ" ಎಂಬ ಸಾಲಿನಲ್ಲಿ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಟ್ಟು ಬಾಕಿ ರೂ. 10,000, ಕನಿಷ್ಠ ಪಾವತಿ ರೂ. 500 ಎಂದು ಬರೆದಿರುತ್ತದೆ. ಐನೂರು ಕಟ್ಟಿದರೆ ಈ ತಿಂಗಳ ಮಟ್ಟಿಗೆ ತಪ್ಪಿತಸ್ಥರಾಗುವುದಿಲ್ಲ, ತಡಪಾವತಿ ಶುಲ್ಕವೂ ಬೀಳುವುದಿಲ್ಲ. ಆದರೆ ಸಾಲ ಉಳಿಯುತ್ತದೆ, ಬಡ್ಡಿ ಓಡುತ್ತದೆ. ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು. ಹತ್ತು ಸಾವಿರಕ್ಕೆ ತಿಂಗಳ ಬಡ್ಡಿ ರೂ. 350. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ರೂ. 63. ಎರಡೂ ಸೇರಿ ರೂ. 413. ಈಗ ಲೆಕ್ಕ ನೋಡಿ. ನೀವು ಕಟ್ಟಿದ್ದು ಐನೂರು, ಸಾಲದಲ್ಲಿ ಇಳಿದದ್ದು ಎಂಬತ್ತೇಳು ರೂಪಾಯಿ. ಐನೂರು ರೂಪಾಯಿಯ ಹಾಲು ಕರೆಯಲು ಎಷ್ಟು ಬಾರಿ ನಸುಕಿನಲ್ಲಿ ಎದ್ದಿರಿ ಎಂಬುದು ನಿಮಗೇ ಗೊತ್ತು.

ಇನ್ನೂ ಎರಡು ಸಂಗತಿ ನೆನಪಿಡಿ. ಒಟ್ಟು ಬಾಕಿಯನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿಯ ಲೆಕ್ಕ ಸಾಮಾನ್ಯವಾಗಿ ಗಡುವಿನ ದಿನದಿಂದಲ್ಲ, ಸಾಮಾನು ಕೊಂಡ ದಿನದಿಂದಲೇ ಶುರುವಾಗುತ್ತದೆ. ಬಾಕಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಎರಡನೆಯದು, ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನೋಟು ತೆಗೆಯಬೇಡಿ. ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಬೇರೆ ಶುಲ್ಕ. ಬಡ್ಡಿಗೆ ಮಿತಿ ಇರಬೇಕಲ್ಲವೇ ಎಂದು ಕೇಳಬಹುದು. ವರ್ಷಕ್ಕೆ ಶೇ. 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಆದ್ದರಿಂದ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ಈಗ ಮೂರನೆಯ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಕಿಸಾನ್ ಕ್ರೆಡಿಟ್ ಕಾರ್ಡು, ಅಂದರೆ ಕೆಸಿಸಿ. ಇದರ ಹೆಸರಿನಲ್ಲೂ "ಕ್ರೆಡಿಟ್" ಎಂಬ ಮಾತಿದೆ, ಅದರಿಂದಲೇ ಗೊಂದಲ. ಇದಕ್ಕೂ ಪೇಟೆಯ ಕ್ರೆಡಿಟ್ ಕಾರ್ಡಿಗೂ ಸಂಬಂಧವಿಲ್ಲ. 1998ರಲ್ಲಿ ಬೆಳೆಸಾಲಕ್ಕೆಂದು ಆರಂಭವಾದ ಈ ಯೋಜನೆಯನ್ನು 2018-19ರ ಕೇಂದ್ರ ಬಜೆಟ್ಟಿನಲ್ಲಿ ಪಶುಸಂಗೋಪನೆಗೂ ವಿಸ್ತರಿಸಲಾಯಿತು, 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿತು. ಮೇವು, ಪಶು ಆಹಾರ, ಚಿಕಿತ್ಸೆ, ಕೂಲಿ, ನೀರು, ವಿದ್ಯುತ್ ಇಂತಹ ದಿನನಿತ್ಯದ ಖರ್ಚಿಗೆ ಇದು ದುಡಿಯುವ ಬಂಡವಾಳ. ಪಶುಸಂಗೋಪನೆಗೆ 2 ಲಕ್ಷ ರೂಪಾಯಿವರೆಗೆ ಶೇ. 7ರ ಬಡ್ಡಿ, ಸಕಾಲಕ್ಕೆ ಮರುಪಾವತಿ ಮಾಡಿದರೆ ಅದರಲ್ಲಿ ಶೇ. 3 ರಿಯಾಯಿತಿ. 2025-26ರಲ್ಲೂ ಕೇಂದ್ರ ಸರ್ಕಾರ ಈ ರಿಯಾಯಿತಿಯನ್ನು ಮುಂದುವರಿಸಿತು. 2025ರ ಜನವರಿಯಿಂದ ಕೃಷಿ ಮತ್ತು ಅದಕ್ಕೆ ಸೇರಿದ ಕಸುಬುಗಳಿಗೆ 2 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ.

ಹತ್ತು ಸಾವಿರ ರೂಪಾಯಿಯ ಹಿಂಡಿ, ಬೂಸಾ ತಂದು ಒಂದು ವರ್ಷ ಸಾಲ ಉಳಿಸಿಕೊಂಡಿರಿ ಎಂದುಕೊಳ್ಳಿ. ಕೆಸಿಸಿಯಲ್ಲಿ ಸಕಾಲಕ್ಕೆ ತೀರಿಸಿದರೆ ಬಡ್ಡಿ ರೂ. 400. ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿಗೆ ಬಡ್ಡಿ ಸೇರಿಸದೆಯೇ ರೂ. 4,200, ತೆರಿಗೆ ಸೇರಿದರೆ ರೂ. 4,956. ಅದೇ ಹಸು, ಅದೇ ಹಿಂಡಿ, ಅದೇ ಹಾಲು. ಕಾರ್ಡು ಬದಲಾದದ್ದಕ್ಕೆ ಹನ್ನೆರಡು ಪಟ್ಟು ಬಡ್ಡಿ! ಹಾಗೆಂದು ಕೆಸಿಸಿ ಹಣದಲ್ಲಿ ಮದುವೆಯ ಬಟ್ಟೆ, ಟಿವಿ ಕೊಳ್ಳುವುದು ಸರಿಯಲ್ಲ. ಅದು ಹಸುವಿನ ಹಣ, ಹಸುವಿಗೇ ಹೋಗಬೇಕು. ಇನ್ನೂ ಕೆಸಿಸಿ ಮಾಡಿಸದ ಸದಸ್ಯರು ಸಂಘದ ಕಾರ್ಯದರ್ಶಿಗಳನ್ನು ಕಂಡು, ನಿಮ್ಮ ಬ್ಯಾಂಕಿನಲ್ಲಿ ಇಂದಿನ ಬಡ್ಡಿ, ರಿಯಾಯಿತಿ ಎಷ್ಟು ಎಂದು ಕೇಳಿ ಅರ್ಜಿ ಹಾಕಿ.

ಇನ್ನು ಭದ್ರತೆಯ ಮಾತು. ಡೆಬಿಟ್ ಕಾರ್ಡಿಗೆ ಒಂದು ದೌರ್ಬಲ್ಯವಿದೆ. ಮೋಸವಾದರೆ ಹೋಗುವುದು ನಿಮ್ಮ ಖಾತೆಯ ಹಣ, ಅಂದರೆ ಹಾಲಿನ ಹಣವೇ. ಕ್ರೆಡಿಟ್ ಕಾರ್ಡಿನಲ್ಲಾದರೆ ಬಿಲ್ಲು ಕಟ್ಟುವ ಮೊದಲೇ ತಕರಾರು ಹೇಳಬಹುದು. ಆದ್ದರಿಂದ ಡೆಬಿಟ್ ಕಾರ್ಡಿಗೆ ಬೇಲಿ ಹಾಕಿ. ದಿನದ ಖರ್ಚಿನ ಮಿತಿ ಕಡಿಮೆ ಮಾಡಲು, ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ನಿಲ್ಲಿಸಿಡಲು 2020ರ ಅಕ್ಟೋಬರ್‌ನಿಂದ ಸೌಲಭ್ಯವಿದೆ, ಬ್ಯಾಂಕಿನಲ್ಲಿ ಕೇಳಿ ಮಾಡಿಸಿಕೊಳ್ಳಿ. ಯಂತ್ರಕ್ಕೆ ಮುಟ್ಟಿಸಿದರೆ ಸಾಕು ಎನ್ನುವ ಕಾರ್ಡುಗಳಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಹೋಗಬಹುದು. ಬೇಡವಾದರೆ ಅದನ್ನೂ ನಿಲ್ಲಿಸಬಹುದು.

ಪಿನ್ ಸಂಖ್ಯೆಯನ್ನು ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಬರೆಯಬೇಡಿ. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ, "ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ" ಎಂದವರಿಗಂತೂ ಹೇಳಲೇಬೇಡಿ. ಹಾಗೂ ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ನೀವೇ ಪಿನ್ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು ಫೋನ್ 14448.

ತಾಯಂದಿರಿಗೆ ಒಂದು ಮಾತು. ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಖಾತೆ ನಿಮ್ಮ ಹೆಸರಿನಲ್ಲಿ ಇದ್ದ ಮೇಲೆ ಕಾರ್ಡೂ ಪಿನ್ನೂ ನಿಮ್ಮ ಬಳಿಯೇ ಇರಲಿ. ಮನೆಯವರ ಮೇಲೆ ಅಪನಂಬಿಕೆಯಿಂದ ಹೇಳುತ್ತಿಲ್ಲ. ಬ್ಯಾಂಕಿನ ನಿಯಮವೇ ಹಾಗಿದೆ. ಬೇರೆಯವರ ಕೈಯಲ್ಲಿ ಪಿನ್ ಇದ್ದು ಹಣ ಹೋದರೆ ಬ್ಯಾಂಕ್ ಹೊಣೆ ಹೊರುವುದಿಲ್ಲ. ಇನ್ನೊಂದು, 2018ರ ಆಗಸ್ಟ್ 28ರ ನಂತರ ತೆರೆದ ಜನಧನ ಖಾತೆಯ ರುಪೇ ಕಾರ್ಡಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡು ಬಳಸಿರಬೇಕು. ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದರೆ ವಿಮೆ ಸಿಗದು. ಆಗಾಗ ಬಳಸಿ.

"ಉಚಿತ ಕಾರ್ಡು, ಬರೀ ಒಂದು ಸಹಿ" ಎಂದು ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಿ: ಎರಡನೆಯ ವರ್ಷದಿಂದ ವಾರ್ಷಿಕ ಶುಲ್ಕ ಎಷ್ಟು? ತಿಂಗಳ ಬಡ್ಡಿ ಎಷ್ಟು? ಬಿಲ್ಲಿನ ದಿನ, ಗಡುವಿನ ದಿನ ಯಾವುದು? ಉತ್ತರ ಕಾಗದದಲ್ಲಿ ಸಿಗದಿದ್ದರೆ ಸಹಿ ಬೇಡ. ಕೇಳದೆಯೇ ಕ್ರೆಡಿಟ್ ಕಾರ್ಡು ಕೊಡುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಈಗಾಗಲೇ ಇರುವ ಕಾರ್ಡು ಬೇಡವಾದರೆ, ಬಾಕಿ ತೀರಿಸಿ ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಅದನ್ನು ಮುಚ್ಚಬೇಕು. ತಡವಾದರೆ ದಿನಕ್ಕೆ ರೂ. 500ರಂತೆ ನಿಮಗೆ ಕೊಡಬೇಕು.

ಒಟ್ಟಿನಲ್ಲಿ ಹೇಳುವುದಿಷ್ಟು. ದಿನಸಿ, ಬಟ್ಟೆ, ಔಷಧಿ, ಸಂತೆಯ ಖರ್ಚಿಗೆ ಡೆಬಿಟ್ ಕಾರ್ಡು ಇಲ್ಲವೆ ಯುಪಿಐ. ಹಸುವಿನ ಮೇವು, ಆಹಾರ, ಚಿಕಿತ್ಸೆಗೆ ಕೈಯಲ್ಲಿ ಹಣ ಸಾಲದಿದ್ದರೆ ಕೆಸಿಸಿ. ಕ್ರೆಡಿಟ್ ಕಾರ್ಡು ಬೇಕೇಬೇಕು ಎನ್ನುವವರು ಒಂದು ಹಸು ಬತ್ತಿದ ತಿಂಗಳ ಬಟವಾಡೆಯನ್ನು ಲೆಕ್ಕ ಹಾಕಿ, ಅದರಲ್ಲಿ ಮನೆ ಖರ್ಚು ಕಳೆದು ಉಳಿಯುವಷ್ಟಕ್ಕೆ ಮಾತ್ರ ಮಿತಿ ಇಡಲು ಬ್ಯಾಂಕಿಗೆ ಹೇಳಿ. ಬ್ಯಾಂಕ್ ಕೊಡುವ ಮಿತಿ ದೊಡ್ಡದಿರಬಹುದು, ಅದು ನಿಮ್ಮ ವರಮಾನವಲ್ಲ. ಬಿಲ್ಲು ಬಂದ ದಿನ ಪೂರ್ತಿ ಕಟ್ಟಲಾಗದಿದ್ದರೆ, ಅದು ತೀರುವವರೆಗೆ ಕಾರ್ಡನ್ನು ಮತ್ತೆ ಜೇಬಿನಿಂದ ತೆಗೆಯಬೇಡಿ.

ಮುಂಗಡ ಕೊಟ್ಟು, ಅದರ ಹಂಗಿನಲ್ಲಿ ಕಡಿಮೆ ಬೆಲೆಗೆ ಹಾಲು ಅಳೆಸಿಕೊಳ್ಳುವ ವ್ಯಾಪಾರಿಯಿಂದ ಬಿಡುಗಡೆ ಬೇಕೆಂದೇ ರೈತರು ಹಾಲಿನ ಸಂಘ ಕಟ್ಟಿಕೊಂಡರು. ಆ ಹಂಗು ಹೊಳೆಯುವ ಕಾರ್ಡಿನ ವೇಷದಲ್ಲಿ ಮತ್ತೆ ಕೊಟ್ಟಿಗೆಗೆ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಮನೆಯಲ್ಲಿರುವ ಕಾರ್ಡುಗಳನ್ನೆಲ್ಲ ಹೊರಗೆ ತೆಗೆಯಿರಿ. ಯಾವುದು ನಗದು, ಯಾವುದು ಉದ್ರಿ, ಯಾವುದು ಹಸುವಿನದು ಎಂದು ಮಕ್ಕಳನ್ನೂ ಕೂರಿಸಿಕೊಂಡು ಗುರುತಿಸಿ. ಇಷ್ಟು ಮಾಡಿದರೆ ಈ ಅರ್ಧ ಗಂಟೆ ನನ್ನ ಮಾತು ಕೇಳಿದ್ದಕ್ಕೆ ಸಾರ್ಥಕ.