ಬ್ರಾಂಕ್ಸ್‌ನ ಬೀದಿ, ಫಲ್ಗುಣಿಯ ದಂಡೆ

(ವೇಣೂರಿನಲ್ಲಿ ಹಾಡಿನ ವೀಡಿಯೊ ಮಾಡಹೊರಟ ಯುವಕರ ಮುಂದೆ ಮಾಡಿದ ಭಾಷಣದ ಬರೆಹ ರೂಪ)



ವೇಣೂರಿನ ಗೊಮ್ಮಟನ ಮುಂದೆ ನಿಂತವರು ಇದು ಯಾರ ಮೂರ್ತಿ ಎಂದು ಕೇಳುವುದಿಲ್ಲ. ನೆಟ್ಟಗೆ ನಿಂತ ದಿಗಂಬರ ದೇಹ, ಇಳಿಬಿಟ್ಟ ತೋಳು, ಮೈಗೆ ಹಬ್ಬಿದ ಬಳ್ಳಿ. ಇಷ್ಟು ಕಂಡರೆ ಸಾಕು. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದಲ್ಲಿ ನಿಂತ ಮಾದರಿ 1432ರಲ್ಲಿ ಕಾರ್ಕಳಕ್ಕೆ, 1604ರಲ್ಲಿ ವೇಣೂರಿಗೆ ಬಂತು. ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂರ್ತಿ ಆ ಮೂರರಲ್ಲಿ ಚಿಕ್ಕದು. ಆದರೆ ಅದರ ಮುಖ ಬೆಳಗೊಳದ್ದೂ ಅಲ್ಲ, ಕಾರ್ಕಳದ್ದೂ ಅಲ್ಲ. ರೂಢಿ ಎಂದರೆ ನೋಡುವವನಿಗೆ ಕೊಟ್ಟ ಮಾತು. ಆ ಮಾತನ್ನು ಉಳಿಸಿಕೊಂಡ ಮೇಲೂ ಶಿಲ್ಪಿಗೆ ತನ್ನದೆಂಬ ಜಾಗ ಉಳಿದೇ ಇರುತ್ತದೆ.

ಗೊಮ್ಮಟನಿಗೂ ಹಿಪ್‌ಹಾಪ್ ವೀಡಿಯೊಗೂ ಎಲ್ಲಿಯ ನಂಟು ಎಂದು ಹಿರಿಯರು ಹುಬ್ಬೇರಿಸಬಹುದು. ಎರಡರಲ್ಲೂ ಎದುರಾಗುವ ಪ್ರಶ್ನೆ ಮಾತ್ರ ಒಂದೇ: ಯಾವುದನ್ನು ಉಳಿಸಬೇಕು, ಯಾವುದನ್ನು ಮುರಿಯಬೇಕು?

ಹಿಪ್‌ಹಾಪ್‌ಗೆ ಒಂದು ಹುಟ್ಟುಹಬ್ಬವನ್ನೇ ಗುರುತಿಸಿದ್ದಾರೆ: 1973ರ ಆಗಸ್ಟ್ 11. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ಒಂದು ಪಾರ್ಟಿ. ಜಮೈಕಾದಿಂದ ವಲಸೆ ಬಂದ ಕುಟುಂಬದ ಕ್ಲೈವ್ ಕ್ಯಾಂಬೆಲ್, ಅಂದರೆ ಕೂಲ್ ಹರ್ಕ್, ತನ್ನ ಸೋದರಿ ಏರ್ಪಡಿಸಿದ ಆ ಪಾರ್ಟಿಯಲ್ಲಿ ರೆಕಾರ್ಡು ನುಡಿಸಿದ. ಹಾಡಿನ ನಡುವೆ ತಾಳ ಮಾತ್ರ ಉಳಿಯುವ ತುಣುಕಿಗೆ ಹುಡುಗರು ಹುಚ್ಚೆದ್ದು ಕುಣಿಯುವುದನ್ನು ಗಮನಿಸಿದ್ದ ಅವನು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನು ಉದ್ದ ಮಾಡುವ ಜಾಣ್ಮೆ ಕಂಡುಕೊಂಡ. ಆ ತಾಳದ ಮೇಲೆ ಹಾಕಿದ ಮಾತೇ ಬೆಳೆದು ರ‍್ಯಾಪ್ ಆಯಿತು. ದುಡ್ಡಿಲ್ಲದವರು ಇದ್ದುದರಲ್ಲೇ ಮಾಡಿದ ಕಲೆ ಅದು.

ವೀಡಿಯೊ ಬಂದದ್ದು ಆಮೇಲೆ. 1981ರಲ್ಲಿ ಆರಂಭವಾದ ಎಂಟಿವಿ ಮೊದಮೊದಲು ಕಪ್ಪು ಕಲಾವಿದರ ಹಾಡುಗಳನ್ನು ತೋರಿಸಲು ಹಿಂದೆಮುಂದೆ ನೋಡಿತು. ರ‍್ಯಾಪಿಗೇ ಮೀಸಲಾದ ಕಾರ್ಯಕ್ರಮ ಅಲ್ಲಿ ಬಂದದ್ದು 1988ರಲ್ಲಿ. ಅಷ್ಟರೊಳಗೆ, 1982ರಲ್ಲೇ, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದ ಮೆಸೇಜ್' ಹಾಡಿನ ವೀಡಿಯೊ ನ್ಯೂಯಾರ್ಕಿನ ಬೀದಿಗಳನ್ನೇ ರಂಗವಾಗಿಸಿತ್ತು. ಹಾಡುವವನು ಎಲ್ಲಿ ಬದುಕುತ್ತಾನೋ ಅಲ್ಲೇ ನಿಂತು, ತನ್ನ ಗೆಳೆಯರನ್ನು ಬೆನ್ನಿಗಿಟ್ಟುಕೊಂಡು, ಕ್ಯಾಮರಾದ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಈ ಪ್ರಕಾರದ ಹಳೆಯ, ಗಟ್ಟಿಯಾದ ರೂಢಿ.

ಹಣ ಬಂದ ಮೇಲೆ ಬೇರೆ ರೂಢಿಗಳು ಸೇರಿಕೊಂಡವು. ಬಾಡಿಗೆ ಬಂಗಲೆ, ಉದ್ದನೆಯ ಕಾರು, ಕೊರಳಲ್ಲಿ ಬಂಗಾರ, ಶಾಂಪೇನ್, ಸುತ್ತ ಅರೆಬಟ್ಟೆಯ ಹುಡುಗಿಯರು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಇದೇ ಹಿಪ್‌ಹಾಪ್ ಎಂದು ಜಗತ್ತು ನಂಬಿತು. ನಮ್ಮ ಟಿ.ವಿ. ಪರದೆಗೂ ಬಂದದ್ದು ಹೆಚ್ಚಾಗಿ ಇದೇ.

ಅದನ್ನು ಒಳಗಿನವರೇ ಕೆಣಕಿದರು. 1996ರಲ್ಲಿ 'ದ ರೂಟ್ಸ್' ತಂಡ 'ವಾಟ್ ದೇ ಡೂ' ಎಂಬ ಹಾಡಿಗೆ ಮಾಡಿಸಿದ ವೀಡಿಯೊದಲ್ಲಿ ಬಂಗಲೆ, ಪಾನೀಯ, ಹುಡುಗಿಯರು ಎಲ್ಲ ಇದ್ದಾರೆ. ಆದರೆ ಪರದೆಯ ಮೇಲೆ ಅಕ್ಷರಗಳು ಮೂಡಿ ಪ್ರತಿಯೊಂದರ ಬಣ್ಣ ಬಯಲು ಮಾಡುತ್ತವೆ: ಬಂಗಲೆ ಬಾಡಿಗೆಯದು, ಸೀಸೆಯಲ್ಲಿರುವುದು ಶುಂಠಿ ಸೋಡ. ಮರುವರ್ಷ ಮಿಸ್ಸಿ ಎಲಿಯಟ್ ಎಂಬ ಗಾಯಕಿ ಗಾಳಿ ತುಂಬಿದ ಕರಿಯ ಚೀಲದಂಥ ಉಡುಪು ತೊಟ್ಟು, ಮೀನುಗಣ್ಣಿನ ಲೆನ್ಸಿನ ಮುಂದೆ ಕುಣಿದಳು. ಹೆಣ್ಣನ್ನು ಹೀಗೆ ತೋರಿಸಬೇಕೆಂಬ ಕಟ್ಟಳೆ ಆ ಚೀಲದೊಳಗೆ ಮುಚ್ಚಿಹೋಯಿತು. ಅದರ ನಿರ್ದೇಶಕ ಹೈಪ್ ವಿಲಿಯಮ್ಸ್ ಹೊಳೆಹೊಳೆಯುವ ವೀಡಿಯೊಗಳಿಗೇ ಹೆಸರಾದವನು ಎಂಬುದು ಸ್ವಾರಸ್ಯ. ಮುರಿದವರಿಬ್ಬರೂ ಏನನ್ನು ಮುರಿಯುತ್ತಿದ್ದೇವೆಂದು ಚೆನ್ನಾಗಿ ಬಲ್ಲವರು.

ಇನ್ನು ಕನ್ನಡದ ಮಾತು. ಇಲ್ಲಿ ರ‍್ಯಾಪ್ ಮಾಡುವವನ ತಲೆಯ ಮೇಲೆ ಎರಡು ರೂಢಿಗಳ ಹೊರೆ. ಒಂದು ಬ್ರಾಂಕ್ಸ್‌ನದು, ಇನ್ನೊಂದು ಈ ನೆಲದ್ದು. ಇವೆರಡು ಡಿಕ್ಕಿ ಹೊಡೆದರೆ ಏನಾಗುತ್ತದೆಂಬುದಕ್ಕೆ 2020ರ 'ಕೋಲುಮಂಡೆ' ಪ್ರಸಂಗ ನಮ್ಮ ಮುಂದಿದೆ. 'ಕೋಲುಮಂಡೆ ಜಂಗಮ' ಮಲೆ ಮಹದೇಶ್ವರ ಕಾವ್ಯದ ಪರಂಪರೆಗೆ ಸೇರಿದ ಜನಪದ ಹಾಡು. 1996ರ 'ಜನುಮದ ಜೋಡಿ' ಚಿತ್ರದಲ್ಲಿ ಎಲ್.ಎನ್. ಶಾಸ್ತ್ರಿ ಅದನ್ನು ಹಾಡಿ ಮನೆಮನೆಗೆ ಮುಟ್ಟಿಸಿದ್ದರು. ಚಂದನ್ ಶೆಟ್ಟಿ ಅದನ್ನು ರ‍್ಯಾಪಿನ ಧಾಟಿಗೆ ತಂದು ವೀಡಿಯೊ ಮಾಡಿದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಹದೇಶ್ವರನ ಒಕ್ಕಲು ಸಿಟ್ಟಿಗೆದ್ದಿತು. ಕೊನೆಗೆ ವೀಡಿಯೊ ಹಿಂದಕ್ಕೆ ಹೋಯಿತು, ಗಾಯಕರು ಕ್ಷಮೆ ಕೇಳಿದರು.

ಇದನ್ನು ಭಕ್ತರ ಅಸಹನೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಸಂಕಮ್ಮ ಯಾರು? ಜೇನು ಬೇಟೆಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಆಣೆಭಾಷೆ ಕೊಡು ಎಂದು ಪೀಡಿಸಿದಾಗ ಕೊಡಲೊಪ್ಪದ ಹೆಣ್ಣು. ಅದಕ್ಕಾಗಿ ಕಾಡಿನಲ್ಲಿ ಘೋರ ಹಿಂಸೆ ಉಂಡವಳು. ಹೆಂಡತಿಯ ಮೈಯ ಮೇಲೆ ಗಂಡನಿಟ್ಟ ಅನುಮಾನದ ಕಣ್ಣೇ ಆ ಕಥೆಯ ತಿರುಳು. ಹೆಣ್ಣನ್ನು ಒಡವೆಯಂತೆ ಕ್ಯಾಮರಾದ ಮುಂದಿಡುವ ರೂಢಿಯನ್ನು ತಂದು ಅಂಟಿಸಿದ್ದು ಸರಿಯಾಗಿ ಅವಳಿಗೇ. ನೋಡಿದವರಿಗೆ ಅದು ಧೈರ್ಯದ ಪ್ರಯೋಗದಂತೆ ಕಂಡಿತು. ನಿಜಕ್ಕೂ ಅಲ್ಲಿ ನಡೆದದ್ದು ಒಂದು ರೂಢಿಯ ಕುರುಡು ಪಾಲನೆ. ಮಹದೇಶ್ವರನ ಹಾಡುಗಳಿಗೆ ಕಂಸಾಳೆಯ ತಾಳವಿದೆ, ಮುಂದೆ ಹಾಡುವವನೂ ಹಿಮ್ಮೇಳವೂ ಇದೆ, ಕುಣಿತವಿದೆ. ಹಿಪ್‌ಹಾಪ್‌ಗೆ ಬೇಕಾದ ಸಾಮಗ್ರಿ ಅಲ್ಲೇ ಬಿದ್ದಿತ್ತು.

ಇದಕ್ಕೆ ಎದುರಾಗಿ 2012ರಲ್ಲಿ ಬೆಂಗಳೂರಿನ ಬ್ರೋಧಾ ವಿ ಇಂಗ್ಲಿಷಿನಲ್ಲಿ ಮಾಡಿದ 'ಆತ್ಮರಾಮ'ವನ್ನು ಇಟ್ಟು ನೋಡಬಹುದು. ರಾಮಭಜನೆಯನ್ನು ಪಲ್ಲವಿಯಾಗಿಟ್ಟುಕೊಂಡು, ನಡುವೆ ತನ್ನ ಬದುಕಿನ ಕಥೆ ಹೇಳಿಕೊಂಡ ಹಾಡು ಅದು. ಭಜನೆ ಅಲ್ಲಿ ಭಜನೆಯಾಗಿಯೇ ಉಳಿಯಿತು.

ತುಳುನಾಡಿನಲ್ಲಿ ಈ ಪ್ರಶ್ನೆ ಇನ್ನೂ ಬಿಸಿಯಾಗಿದೆ. 2022ರ 'ಕಾಂತಾರ'ದ ಬಳಿಕ ದೈವದ ವೇಷ ಕಟ್ಟಿ ವೇದಿಕೆ ಏರುವುದು, ಮೊಬೈಲಿನಲ್ಲಿ ಕುಣಿದು ತೋರಿಸುವುದು ಹೆಚ್ಚಿತು. 2025ರಲ್ಲಿ ಅದರ ಪೂರ್ವಕಥೆ ತೆರೆಗೆ ಬಂದಾಗ, ದಯವಿಟ್ಟು ಅನುಕರಿಸಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ರ‍್ಯಾಪ್ ವೀಡಿಯೊ ಮಾಡುವ ಹುಡುಗನಿಗೆ ಅಣಿ, ಮುಖವರ್ಣಿಕೆ, ದೊಂದಿಯ ಬೆಳಕು ದೊಡ್ಡ ಆಸೆ ಹುಟ್ಟಿಸುತ್ತವೆ. ಚಿತ್ರ ಚೆನ್ನಾಗಿ ಬರುತ್ತದೆ, ಸುಳ್ಳಲ್ಲ. ಆದರೆ ನಲಿಕೆ, ಪರವ, ಪಂಬದ ಸಮುದಾಯದವರು ತಲೆಮಾರಿನಿಂದ ನೇಮನಿಷ್ಠೆಯಲ್ಲಿ ಹೊತ್ತು ತಂದ ಕಟ್ಟು ಅದು. ಅವರನ್ನು ಕೇಳದೆ ಅದನ್ನು ಹಾಕಿಕೊಳ್ಳುವುದು ಹಿಪ್‌ಹಾಪ್‌ನ ಲೆಕ್ಕದಲ್ಲೂ ತಪ್ಪು. ತಾನು ಬದುಕದ ಬದುಕನ್ನು ತನ್ನದೆಂದು ಹೇಳಿಕೊಳ್ಳುವವನನ್ನು ಆ ಬೀದಿಗಳಲ್ಲೂ ಯಾರೂ ಮನ್ನಿಸುವುದಿಲ್ಲ.

ಹಾಗೆಂದು ಪರಂಪರೆಯನ್ನು ಮುಟ್ಟಲೇಬಾರದೆಂದಲ್ಲ. ಶಿವರಾಮ ಕಾರಂತರು ಯಕ್ಷಗಾನಕ್ಕೆ ವಯಲಿನ್ ತಂದರು, ಸ್ಯಾಕ್ಸೊಫೋನ್ ತಂದರು, ತಮ್ಮ ಬ್ಯಾಲೆಯಲ್ಲಿ ಮಾತುಗಾರಿಕೆಯನ್ನೇ ಕೈಬಿಟ್ಟರು. ಬೈದವರು ಬಹಳ ಮಂದಿ. ಆದರೆ ಅವರು ಅದಕ್ಕೆ ಮೊದಲು ಊರೂರು ತಿರುಗಿ, ಹಳೆಯ ಕಲಾವಿದರಿಂದ ಕೇಳಿ, 'ಯಕ್ಷಗಾನ ಬಯಲಾಟ'ದಂಥ ಗ್ರಂಥ ಬರೆದವರು. ಹೀಗಾಗಿ ಅವರೊಡನೆ ಜಗಳವಾಡಲೂ ಯಕ್ಷಗಾನ ತಿಳಿದಿರಬೇಕಾಗಿತ್ತು.

ರ‍್ಯಾಪಿನ ಜಂಬವನ್ನು ಕಂಡು ಮೂಗು ಮುರಿಯುವವರು ತಾಳಮದ್ದಳೆಯ ಪೀಠಿಕೆಯನ್ನೊಮ್ಮೆ ನೆನೆಯಲಿ. ಅರ್ಥಧಾರಿ ಮೊದಲು ತಾನು ಯಾರು, ತನ್ನ ಪೌರುಷವೇನು ಎಂದು ಸಾರಿಯೇ ಮುಂದುವರಿಯುತ್ತಾನೆ. ಎದುರಾಳಿಯ ಮಾತಿಗೆ ಸ್ಥಳದಲ್ಲೇ ಉತ್ತರ ಕಟ್ಟುವ ವಿದ್ಯೆಯೂ ಇಲ್ಲಿಗೆ ಹೊಸದಲ್ಲ.

ವೀಡಿಯೊ ಮಾಡಬೇಕೆಂದರೆ ಮಂಗಳೂರಿಗೆ ಹೋಗಿ ಬಾಡಿಗೆ ಕಾರೊಂದನ್ನು ಮಾಲಿನ ಮುಂದೆ ನಿಲ್ಲಿಸಬೇಕು ಎಂದು ಎಣಿಸಿದವರು ಒಂದು ಕೆಲಸ ಮಾಡಬಹುದು. ವೇಣೂರು-ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆ ಕಂಬಳಕ್ಕೆ ಒಂದು ಮೊಬೈಲು ಹಿಡಿದು ಹೋಗಲಿ. ಕ್ಯಾಮರಾವನ್ನು ಕೆಸರಿನ ಮಟ್ಟಕ್ಕೆ ಇಳಿಸಿದರೆ, ದುಬಾರಿ ಲೆನ್ಸಿಲ್ಲದೆಯೇ ಕೋಣವೂ ಓಡಿಸುವವನೂ ಆಕಾಶದೆತ್ತರ ಕಾಣುತ್ತಾರೆ. ಕನೆಹಲಗೆಯಲ್ಲಿ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂದು ಸಾವಿರ ಜನ ಕತ್ತೆತ್ತಿ ನೋಡುವ ಗಳಿಗೆಯಿದೆ. ಧ್ವನಿವರ್ಧಕದಲ್ಲಿ ಉಸಿರು ಬಿಡದೆ ಕೋಣದ ಯಜಮಾನರ ಹೆಸರು, ಊರ ಹೆಸರು ಹೇಳುವವರ ವೇಗವಿದೆ. ಚಿತ್ರೀಕರಣಕ್ಕೆ ಮುನ್ನ ಕರೆಯ ಸಮಿತಿಯವರನ್ನೂ ಕೋಣದ ಯಜಮಾನರನ್ನೂ ಕೇಳಿಕೊಳ್ಳಬೇಕು. ಹಾಡು ತುಳುವಿನಲ್ಲಿರಬೇಕೋ ಕನ್ನಡದಲ್ಲೋ ಎಂಬ ಜಗಳವನ್ನು ಆ ಕರೆಯ ಬದಿಯಲ್ಲೇ ಕುಳಿತು ಇತ್ಯರ್ಥ ಮಾಡಿಕೊಳ್ಳಬಹುದು.